ಎಣಿಕೆ ಅಜ್ಜನ ಒಲೆಯಲ್ಲಿ ಹಣ್ಣಿನ ಕೋಳಿ

ನಾದಿನಿ ಬಂದಿದ್ದು ಬೆಳಿಗ್ಗೆ ಒಂಬತ್ತಕ್ಕೆ. ಜಗಳ ಶುರುವಾಗಿದ್ದು ಒಂಬತ್ತೂವರೆಗೆ. ನಡುವಿನ ಅರ್ಧ ಗಂಟೆ ಯಾಕೆ ದಂಡವಾಯ್ತು ಅಂದ್ರೆ, ಅವಳು ಕಾರಿಂದ ಹಣ್ಣಿನ ಬುಟ್ಟಿ ಇಳಿಸ್ತಾ ಇದ್ಲು. ಬುಟ್ಟಿ ಅಂದ್ರೆ ಬುಟ್ಟೀನಾ ಅದು! ಅವಳಿ ಮಕ್ಕಳನ್ನ ಮಲಗಿಸಿ ತೂಗಬಹುದಿತ್ತು. ಸೇಬು, ಕಿತ್ತಳೆ, ಕರಿ ದ್ರಾಕ್ಷಿ, ಒಣ ಅಂಜೂರ. ಊರಿಗೆ ಊರೇ ಜ್ವರ ಬಂದು ಆಸ್ಪತ್ರೇಲಿ ಮಲಗಿದ್ರೂ ಎಲ್ಲರನ್ನೂ ನೋಡ್ಕೊಂಡು ಬರೋವಷ್ಟು ಹಣ್ಣು.

"ಅತ್ತಿಗೆ, ಇವತ್ತು ನೀವು ಅಡುಗೆಗೆ ಕೈ ಹಾಕ್ಬೇಡಿ. ರಜೆ ದಿನದ ಊಟ ನಂದು," ಅಂದ್ಲು ನಾದಿನಿ. "ಒಂದು ಇಡೀ ಕೋಳಿ, ಸುತ್ತ ಹಣ್ಣು. ಒಲೇಲಿಟ್ಟು ಬಾಗಿಲು ಹಾಕೋದು, ಮರೆತುಬಿಡೋದು. ಅಷ್ಟೇ. ಸುಲಭ."

"ಮರೆಯೋದು ನಿನಗೆ ಸುಲಭಾನೇ ಬಿಡು ಪುಟ್ಟಿ," ಅಂದ್ಲು ಬ್ರೆಡ್ಡಕ್ಕ. "ಇಷ್ಟು ವರ್ಷ ಈ ಮನೇನ ಮರೆತಿದ್ದೋಳಲ್ವಾ."

ಪುಟ್ಟಿಗೆ ನಲವತ್ತೆರಡು ತುಂಬಿತ್ತು. ಆದ್ರೂ ಅಪ್ಪ ಹಾಗೆ ಕರೀತಿದ್ದಿದ್ದಕ್ಕೆ ಮನೆಯೆಲ್ಲ ಹಾಗೇ ಕರೀತಿತ್ತು. ಅವಳು ಕೆಲಸ ಮಾಡ್ತಿದ್ದಿದ್ದು ದೂರದ ದೊಡ್ಡ ಹೋಟೆಲಿನ ಅಡುಗೆಮನೇಲಿ. ಅಲ್ಲಿಯ ಒಲೆಗಳಿಗೆ ಗಾಜಿನ ಬಾಗಿಲು, ಒಳಗೆ ದೀಪ, ಮೇಲೆ ಅಂಕಿ. ಬೇಯ್ತಿರೋ ಕೋಳಿ ಕಣ್ಣು ಮಿಟುಕಿಸಿದ್ರೂ ಹೊರಗಿಂದ ಕಾಣುತ್ತೆ ಅಂತ ಅವಳೇ ಹೇಳ್ಕೊಳ್ತಿದ್ಲು.

ಬ್ರೆಡ್ಡಕ್ಕ ಅಂದ್ರೆ ಈ ಮನೆಯ ಸೊಸೆ. ಮುಂದೆ ಬ್ರೆಡ್ ಅಂಗಡಿ, ನಡುವೆ ಮನೆ, ಹಿಂದೆ ಒಲೆಮನೆ. ಒಲೆಮನೇಲಿ ಇಟ್ಟಿಗೆಯ ಒಂದು ಒಲೆ. ಅದರ ಹೊಟ್ಟೆಯೊಳಗೆ ಮದುವೆಗೆ ಬಂದ ನೆಂಟರೆಲ್ಲ ಕಾಲು ಚಾಚ್ಕೊಂಡು ಮಲಗಬಹುದು, ಅಷ್ಟು ದೊಡ್ಡದು. ಮದುವೆಯಾಗಿ ಬಂದ ಮೂರನೇ ದಿನ ಅದರ ಮುಂದೆ ನಿಂತವಳು ಹದಿನೆಂಟು ವರ್ಷದಿಂದ ನಿಂತೇ ಇದಾಳೆ. ಹುಬ್ಬು ಎರಡು ಸಲ ಸುಟ್ಟು ಎರಡು ಸಲ ಬೆಳೆದಿದೆ. ಗಂಡ ಸೈಕಲ್ಲಿನಲ್ಲಿ ಮನೆಮನೆಗೆ ಬ್ರೆಡ್ ಹಾಕೋನು. ಯಾರು ಏನಂದ್ರೂ "ಹೂಂ" ಅನ್ನೋದು ಬಿಟ್ರೆ ಅವನ ಬಾಯಿಂದ ಇನ್ನೊಂದು ಮಾತು ಉದುರಿದ್ದು ಕಂಡೋರಿಲ್ಲ. ಬೀದಿಯೋರು ಅವನಿಗಿಟ್ಟ ಹೆಸರು ಹೂಂ ಅಣ್ಣ. ಹುಡುಗಿ ಒಪ್ಪಿಗೇನಾ ಅಂತ ಕೇಳಿದಾಗ್ಲೂ ಹೂಂ ಅಂದಿದ್ನಂತೆ, ಒಪ್ಪಿಗೆ ಇಲ್ವಾ ಅಂತ ಕೇಳಿದಾಗ್ಲೂ ಹೂಂ ಅಂದಿದ್ನಂತೆ.

ಇನ್ನು ಮಾವ. ಅವರನ್ನ ಎಣಿಕೆ ಅಜ್ಜ ಅಂತಾರೆ. ಆ ಒಲೆಗೆ ಅಂಕಿ ಇಲ್ಲ, ಮುಳ್ಳಿಲ್ಲ, ಗಾಜಿಲ್ಲ. ಶಾಖ ಅಳೆಯೋದು ಅವರ ಬಲಗೈ. ಸೌದೆ ಉರಿದು, ಕೆಂಡ ಎಳೆದು, ಬೂದಿ ಗುಡಿಸಿದ ಮೇಲೆ ಒಲೆ ಬಾಯೊಳಗೆ ಮೊಣಕೈವರೆಗೆ ಕೈ ಚಾಚಿ ಒಂದು, ಎರಡು, ಮೂರು ಅಂತ ಎಣಿಸೋದು. ಇನ್ನು ತಡೆಯೋಕಾಗಲ್ಲ ಅನ್ನಿಸಿದಾಗ ಕೈ ಎಳ್ಕೊಳ್ಳೋದು. ಹತ್ತಕ್ಕೆ ಎಳ್ಕೊಂಡ್ರೆ ಒಲೆ ಬ್ರೆಡ್ಡಿನ ಹದದಲ್ಲಿದೆ. ಹದಿನೈದರ ತನಕ ತಡೆದ್ರೆ ಬನ್ನಿಗೆ. ಇಪ್ಪತ್ತೈದರ ತನಕ ತಡೆಯೋಕಾದ್ರೆ ಒಲೆ ತಣ್ಣಗಾಗ್ತಾ ಇದೆ, ಬಿಸ್ಕತ್ತಿಗೆ ಸರಿ, ನಿಧಾನವಾಗಿ ಬೇಯೋ ಮಾಂಸಕ್ಕೂ ಸರಿ. ಐವತ್ತು ವರ್ಷ ಆ ಎಣಿಕೆಯ ಮೇಲೇ ಅಂಗಡಿ ನಡೆದಿದ್ದು. ಅಜ್ಜ ಎಣಿಸ್ತಾ ಇದ್ರೆ ಮನೇಲಿ ಯಾರೂ ಕೆಮ್ಮೋ ಹಾಗೂ ಇರಲಿಲ್ಲ.

ಆದ್ರೆ ಮೂರು ವರ್ಷದಿಂದ ಆ ಕೈ ಸತ್ತಿತ್ತು.

ಇದು ಗೊತ್ತಿರೋದು ತನಗೊಬ್ಬಳಿಗೇ ಅಂತ ಬ್ರೆಡ್ಡಕ್ಕ ಅಂದ್ಕೊಂಡಿದ್ಲು. ಒಂದು ದಿನ ಬೆಳಿಗ್ಗೆ ಅಜ್ಜ ಎಣಿಸ್ತಾ ನಿಂತಿದ್ರು, ಇವಳ ಮೂಗಿಗೆ ಕೂದಲು ಸುಟ್ಟ ವಾಸನೆ ಬಂತು. ನೋಡಿದ್ರೆ ಅಜ್ಜನ ಮುಂಗೈ ಕೂದಲು ಸುರುಟಿಕೊಳ್ತಾ ಇದೆ, ಅಜ್ಜ ಮಾತ್ರ ದೇವರ ಪಟದ ಹಾಗೆ ಶಾಂತವಾಗಿ "ಏಳು, ಎಂಟು" ಅಂತಿದಾರೆ. ಐವತ್ತು ವರ್ಷದ ಬೆಂಕಿ ತಿಂದು ತಿಂದು ಆ ಅಂಗೈ ಚಪ್ಪಲಿ ಅಟ್ಟೆ ಆಗಿಹೋಗಿತ್ತು. ಅವರು ಹತ್ತು ಅಂದು ಕೈ ತೆಗೆದ ಒಲೇಲಿ ಕಬ್ಬಿಣ ಕಾಯಿಸಬಹುದಿತ್ತು. ಅವತ್ತು ಇಟ್ಟ ಬ್ರೆಡ್ ಎಲ್ಲ ಇದ್ದಿಲು. ಅಜ್ಜ ಸೌದೆಯವನನ್ನ ಬೈದ್ರು, ಹಿಟ್ಟಿನವನನ್ನ ಬೈದ್ರು, ಕೊನೆಗೆ ಸೊಸೆಯನ್ನ ಬೈದ್ರು.

ಮಾರನೇ ದಿನದಿಂದ ಅವಳು ಒಂದು ದಾರಿ ಹಿಡಿದ್ಲು. ಅಜ್ಜ ಎಣಿಸಿ "ಹಾಕು" ಅಂದ ತಕ್ಷಣ ಹಾಕೋದಿಲ್ಲ. ಸೆರಗು ಸರಿ ಮಾಡ್ಕೊಳ್ಳೋದು. ಬ್ರೆಡ್ ಒಲೆಗೆ ತಳ್ಳೋ ಹಲಗೆ ಒರೆಸೋದು. ಒರೆಸಿದ ಹಲಗೇನೇ ಮತ್ತೆ ಒರೆಸೋದು. ಅಜ್ಜ ಬೈಕೊಂಡು ಅಂಗಡಿ ಕಡೆ ಹೋದ ಮೇಲೆ ತನ್ನ ಕೈ ಇಟ್ಟು ಮನಸ್ಸಲ್ಲೇ ಎಣಿಸೋದು. ತನ್ನ ಎಣಿಕೆ ಹತ್ತಕ್ಕೆ ಬಂದಾಗ ಬ್ರೆಡ್ ಒಳಗೆ. ಬ್ರೆಡ್ ಚಿನ್ನದ ಹಾಗೆ ಬರ್ತಿತ್ತು. ಗಿರಾಕಿಗಳು "ಅಜ್ಜನ ಕೈಗುಣ" ಅಂತಿದ್ರು. ಅಜ್ಜ ಮೀಸೆ ತಿರುವಿ, "ಕೈಗುಣ ನಂದು, ತಡ ಮಾತ್ರ ನನ್ನ ಸೊಸೇದು" ಅಂತ ಊರಿಗೆಲ್ಲ ಸಾರ್ತಿದ್ರು. ಬ್ರೆಡ್ಡಕ್ಕ ಆಮೆ, ಬ್ರೆಡ್ಡಕ್ಕ ಬಸವನಹುಳು, ಬ್ರೆಡ್ಡಕ್ಕ ಹಲಗೆ ಒರೆಸೋ ಹೊತ್ತಿಗೆ ಹೊಲದಲ್ಲಿ ಇನ್ನೊಂದು ಸಲ ಗೋಧಿ ಬೆಳೆಯುತ್ತೆ. ಮೂರು ವರ್ಷ ಇದನ್ನ ಕೇಳ್ಕೊಂಡು ಅವಳು ತುಟಿ ಬಿಚ್ಚಲಿಲ್ಲ. ಮೊದಮೊದಲು ಹೆದರಿಕೆಗೆ. ಆಮೇಲೆ ಮುದುಕರ ಮರ್ಯಾದೆಗೆ. ಆಮೇಲಾಮೇಲೆ, ನಿಜ ಹೇಳ್ಬೇಕಂದ್ರೆ, ಬೈಸ್ಕೊಳ್ತಾ ಬೈಸ್ಕೊಳ್ತಾ ಒಳಗೊಳಗೇ ಒಂದು ರುಚಿ ಹತ್ತಿತ್ತು. ಮೀಸೆ ನಿಮ್ಮದು, ಬ್ರೆಡ್ ನಂದು ಅನ್ನೋ ರುಚಿ.

ಆ ರುಚಿ ಕಹಿಯಾಗಿದ್ದು ಹೋದ ವಾರ. ಅಜ್ಜ ಊಟಕ್ಕೆ ಕೂತಾಗ ಹೇಳಿಬಿಟ್ರು: "ವರ್ಷದ ಕೊನೆ ರಜೆ ದಿನ ಪುಟ್ಟಿ ಬರ್ತಾಳೆ. ಅವತ್ತು ಊಟವಾದ ಮೇಲೆ ಒಲೆಮನೆ ಬೀಗದಕೈ ಕೊಟ್ಟುಬಿಡ್ತೀನಿ. ನನಗೂ ಸಾಕಾಯ್ತು. ಅವಳಿಗೂ ಹೋಟೆಲ್ ಸಾಕಾಗಿದೆಯಂತೆ. ಕೈ ಚುರುಕು ಇರೋರಿಗೆ ಒಲೆ."

"ಹೂಂ," ಅಂದ ಗಂಡ.

ಬ್ರೆಡ್ಡಕ್ಕ ಕೈಯಲ್ಲಿದ್ದ ತುತ್ತು ತಟ್ಟೆಗೇ ಹಾಕಿದ್ಲು. ಹದಿನೆಂಟು ವರ್ಷ ಬೆಂದಿದ್ದು ನಾನು, ಬೀಗದಕೈ ಗಾಜಿನ ಬಾಗಿಲಿನೋಳಿಗೆ! ನಾಳೆಯಿಂದ ನನ್ನ ಒಲೇಲಿ ನಾನು ಕೂಲಿಯೋಳು!

ಅದಕ್ಕೇ ಹಣ್ಣಿನ ಬುಟ್ಟಿ ನೋಡಿದ ತಕ್ಷಣ ಅವಳಿಗೆ ಮೈಯೆಲ್ಲ ಉರಿದಿದ್ದು.

"ಅಡುಗೆ ನಂದು" ಅಂದವಳು ಹತ್ತು ಗಂಟೆಗೆ "ಅತ್ತಿಗೆ, ದೊಡ್ಡ ಚಾಕು ಎಲ್ಲಿ?" ಅಂದ್ಲು. ಹತ್ತೂಕಾಲಿಗೆ "ಅತ್ತಿಗೆ, ಕೋಳಿ ಸ್ವಲ್ಪ ತೊಳೆದುಕೊಡಿ, ನನ್ನ ಉಗುರಿಗೆ ಬಣ್ಣ ಹಚ್ಚಿದೀನಿ" ಅಂದ್ಲು. ಹತ್ತೂವರೆಗೆ ಬ್ರೆಡ್ಡಕ್ಕ ಕೋಳಿಯ ಹೊಟ್ಟೆಯೊಳಗೆ ಒಂದು ಕೈ ಹಾಕಿ ಹಿಡ್ಕೊಂಡು, ಚರ್ಮದ ಮೇಲೆ ಉಳಿದ ಪುಕ್ಕದ ಬುಡ ಕೀಳ್ತಾ ಕೂತಿದ್ಲು, ನಾದಿನಿ ಕುರ್ಚಿ ಮೇಲೆ ಕೂತು ಒಂದೊಂದೇ ದ್ರಾಕ್ಷಿ ಬಿಡಿಸ್ತಾ ಇದ್ಲು. ಬಟ್ಟಲಿಗೆ ಒಂದು, ಬಾಯಿಗೆ ಎರಡು.

"ಸುಲಭದ ಅಡುಗೆ ಅಂದ್ರೆ ಇದೇನಾ? ಬೇರೆಯೋರು ಮಾಡೋದು?" ಅಂದ್ಲು ಬ್ರೆಡ್ಡಕ್ಕ.

"ಹೋಟೆಲಲ್ಲಿ ನನ್ನ ಕೈಕೆಳಗೆ ಹನ್ನೆರಡು ಜನ ಇದಾರೆ ಅತ್ತಿಗೆ. ಹೇಳಿ ಮಾಡಿಸೋದೂ ಒಂದು ಕೆಲಸ."

"ಹೌದಾ? ಹನ್ನೆರಡು ಜನ ಸೇರಿ ಒಂದು ಕೋಳಿ ತೊಳೀತಾರಾ? ಪಾಪ, ಕೋಳಿಗೆ ನಾಚಿಕೆ ಆಗಿರುತ್ತೆ."

"ನಿಮ್ಮ ಹಾಗೆ ಒಂದು ಹಲಗೇನ ಒಂದು ಗಂಟೆ ಒರೆಸೋರು ಅಲ್ಲಿಲ್ಲ ಬಿಡಿ." ಪುಟ್ಟಿ ಕಿತ್ತಳೆ ಸಿಪ್ಪೆ ಉದುರಿಸ್ತಾ ನಕ್ಕಳು. "ಅಪ್ಪ ಫೋನಲ್ಲಿ ಹೇಳ್ತಾ ಇರ್ತಾರೆ. ನಮ್ಮ ಒಲೆ ಕುದುರೆ, ನಮ್ಮ ಸೊಸೆ ಆಮೆ ಅಂತ."

ಬ್ರೆಡ್ಡಕ್ಕ ಒಂದು ಪುಕ್ಕ ಕಿತ್ತ ರಭಸಕ್ಕೆ ಕೋಳಿ ಇನ್ನೊಂದು ಸಲ ಸಾಯ್ಬೇಕಿತ್ತು.

ಕೋಳಿ ತಯಾರಾಯ್ತು. ಹೊಟ್ಟೆಯೊಳಗೆ ಸೇಬಿನ ಹೋಳು, ಚರ್ಮದ ಕೆಳಗೆ ಬೆಣ್ಣೆ, ಮೇಲೆ ಉಪ್ಪು, ಮೆಣಸು, ಜೇನುತುಪ್ಪ. ಅಗಲದ ಕಬ್ಬಿಣದ ತಟ್ಟೇಲಿ ಕೋಳಿ ಕೂರಿಸಿ ಸುತ್ತ ಕಿತ್ತಳೆ, ದ್ರಾಕ್ಷಿ, ಅಂಜೂರ ಸುರಿದ್ಲು ಪುಟ್ಟಿ. ನೋಡೋಕೆ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳ್ಬೇಕು. ಮದುಮಗಳು ಹೂವಿನ ಮಧ್ಯೆ ಕೂತ ಹಾಗಿತ್ತು ಕೋಳಿ.

ಎಲ್ಲರೂ ಒಲೆಮನೆಗೆ ಹೋದ್ರು. ರಜೆ ದಿನ ಹೊಸದಾಗಿ ಬೆಂಕಿ ಹಾಕೋ ಪದ್ಧತಿ ಆ ಮನೇಲಿಲ್ಲ. ಹಿಂದಿನ ದಿನದ ಶಾಖ ಇಟ್ಟಿಗೇಲಿ ಉಳಿದಿರುತ್ತಲ್ಲ, ಅದರಲ್ಲೇ ಮನೆಯೋರ ಊಟ ಬೇಯಬೇಕು. ಬೇರೆ ವರ್ಷವಾಗಿದ್ರೆ ಇಷ್ಟು ಹೊತ್ತಿಗೆ ಒಲೆ ಬೆಚ್ಚಗಿರೋದು, ಅಷ್ಟೇ. ಈ ವರ್ಷ ರಜೆಗೆ ಮುಂಚೆ ಬ್ರೆಡ್ಡಿಗೆ ಜನ ಮುಗಿಬಿದ್ದು, ಹಿಂದಿನ ದಿನ ಎರಡೆರಡು ಸಲ ಸೌದೆ ಹಾಕಿದ್ರು. ಬೆಳಿಗ್ಗೆ ಕಸ ಗುಡಿಸೋಕೆ ಬಂದಾಗ ಬ್ರೆಡ್ಡಕ್ಕ ಸುಮ್ನೆ ಅಭ್ಯಾಸಕ್ಕೆ ಕೈ ಇಟ್ಟು ನೋಡಿದ್ಲು. ಎಂಟಕ್ಕೆ ಎಳ್ಕೊಂಡಿದ್ಲು. ಬ್ರೆಡ್ಡಿಗೂ ಜಾಸ್ತಿ. ಜೇನು ಸವರಿದ ಕೋಳಿಗೆ, ಸಕ್ಕರೆ ತುಂಬಿದ ಹಣ್ಣಿಗೆ ಅದು ಚಿತೆ.

ಅಜ್ಜ ಅಂಗಿ ತೋಳು ಮಡಚಿದ್ರು. ಕೈ ಒಳಗಿಟ್ರು. ಕಣ್ಣು ಮುಚ್ಚಿದ್ರು.

"ಒಂದು... ಎರಡು..."

ಪುಟ್ಟಿ ತುಟಿಯಲ್ಲೇ ಜೊತೆಗೆ ಎಣಿಸ್ತಿದ್ಲು. ಹತ್ತಾಯ್ತು. ಹದಿನೈದಾಯ್ತು. ಇಪ್ಪತ್ತಾಯ್ತು. ಬ್ರೆಡ್ಡಕ್ಕನ ಮೂಗಿಗೆ ಆ ಹಳೇ ಸುಟ್ಟ ಕೂದಲ ವಾಸನೆ ಬಂತು.

"ಇಪ್ಪತ್ತೈದು!" ಅಜ್ಜ ಕೈ ತೆಗೆದು ಸೊಂಟಕ್ಕೆ ಒರೆಸ್ಕೊಂಡ್ರು. "ಅಚ್ಚುಕಟ್ಟು. ಇಡಮ್ಮ ಪುಟ್ಟಿ. ಒಂದೂವರೆ ಗಂಟೆ ಆ ಕಡೆ ತಿರುಗಿ ನೋಡ್ಬೇಡ."

ಬ್ರೆಡ್ಡಕ್ಕನ ಬಾಯಿ ತಾನಾಗೇ ತೆರೀತು. "ಮಾವ, ಒಂದು ಮಾತು..."

"ಶುರುವಾಯ್ತಾ?" ಅಜ್ಜ ಕೆರಳಿದ್ರು. "ಈಗ ಹಲಗೆ ಒರೆಸ್ಬೇಕಾ? ಸೆರಗು ಸರಿ ಮಾಡ್ಕೋಬೇಕಾ? ನೀನು ಸುಮ್ನಿರು ತಾಯಿ. ಇವತ್ತೊಂದು ದಿನ ನನ್ನ ಎಣಿಕೆ ಎಣಿಕೆಯಾಗಿರ್ಲಿ. ಚುರುಕು ಅಂದ್ರೆ ಏನು ಅಂತ ಪುಟ್ಟೀನ ನೋಡಿ ಕಲಿ."

ತೆರೆದ ಬಾಯಿ ಮುಚ್ಚಿತು. ಕಲೀತೀನಿ ಮಾವ, ಅಂದ್ಕೊಂಡ್ಲು ಬ್ರೆಡ್ಡಕ್ಕ. ಚೆನ್ನಾಗೇ ಕಲೀತೀನಿ.

ಪುಟ್ಟಿ ಉದ್ದ ಹಿಡಿಯ ಹಲಗೆ ಮೇಲೆ ತಟ್ಟೆ ಇಟ್ಟು ಒಲೆ ಬಾಯಿಗೆ ತಳ್ಳಿದ್ಲು. ಮುಖ ಪಕ್ಕಕ್ಕೆ ತಿರುಗಿಸ್ಕೊಂಡ್ಲು. "ಅಪ್ಪಾ, ಇಷ್ಟೊಂದು ಝಳ ಇದೆಯಲ್ಲ?"

"ನನ್ನ ಕೈಗಿಂತ ನಿನ್ನ ಕೆನ್ನೆಗೆ ಜಾಸ್ತಿ ಗೊತ್ತೇನೇ?" ಅಜ್ಜ ನಕ್ಕರು.

"ಅದೂ ಸರಿ," ಅಂದ್ಲು ಪುಟ್ಟಿ. ಹೋಟೆಲಲ್ಲಿ ಹನ್ನೆರಡು ಜನಕ್ಕೆ ಹೇಳಿ ಮಾಡಿಸೋಳು ಅಪ್ಪನ ಕೈ ಮುಂದೆ ಎರಡು ಜಡೆಯ ಹುಡುಗಿಯಾಗಿಬಿಟ್ಲು. ಕಬ್ಬಿಣದ ಬಾಗಿಲು ಹಾಕಿ, ಅಂಚಿಗೆಲ್ಲ ಹಸಿ ಹಿಟ್ಟಿನ ಪಟ್ಟಿ ಒತ್ತಿ ಒತ್ತಿ ಮೆತ್ತಿದ್ಲು. ಆವಿ ಹೊರಗೆ ಹೋಗದೇ ಇರ್ಲಿ ಅಂತ ಆ ಮನೇಲಿ ಮಾಂಸ ಇಟ್ಟಾಗ ಹಾಗೆ ಮೆತ್ತೋದು. ಮೆತ್ತಿದ ಮೇಲೆ ಎಣಿಸಿದೋರು ಹೇಳೋ ತನಕ ಯಾರೂ ಬಿಚ್ಚೋ ಹಾಗಿಲ್ಲ.

ನಾಲ್ಕೂ ಜನ ಊಟದ ಮೇಜಿಗೆ ಬಂದು ಕೂತ್ರು. ಕೂತ್ರು ಅಂದ್ರೆ ನಾಲ್ಕು ಬೆಕ್ಕುಗಳನ್ನ ಒಂದು ಚೀಲದಲ್ಲಿ ಹಾಕಿದ ಹಾಗೆ ಕೂತ್ರು. ಪುಟ್ಟಿ ಗೋಡೆ ಕಡೆ ನೋಡಿ, ಅಂಗಡಿ ಗೋಡೆಗೆ ಯಾವ ಬಣ್ಣ ಹೊಡೆಸ್ಬೇಕು ಅಂತ ಹೇಳೋಕೆ ಶುರು ಮಾಡಿದ್ಲು.

"ಮೊದಲು ಈ ಹಳೇ ಬೋರ್ಡ್ ತೆಗೀಬೇಕು. ಆಮೇಲೆ ಅತ್ತಿಗೇನ ಒಲೆಯಿಂದ ಬಿಡಿಸಿ ಅಂಗಡೀಲಿ ನಿಲ್ಲಿಸ್ಬೇಕು. ಪೊಟ್ಟಣ ಕಟ್ಟೋಕೆ ಅವಸರ ಇರಲ್ಲ ನೋಡಿ."

"ನನ್ನನ್ನ ಎಲ್ಲಿ ನಿಲ್ಲಿಸ್ಬೇಕು ಅಂತ ನೀನು ಹೇಳ್ತೀಯಾ?"

"ಊಟ ಆದ್ಮೇಲೆ ಹೇಳ್ತೀನಿ ಬಿಡಿ."

"ಹೇಳಮ್ಮ, ಹೇಳು. ನಿನ್ನ ಹೋಟೆಲಿನೋರು ನಿನ್ನನ್ನ ಯಾಕೆ ಬಿಡ್ತಿದಾರೆ ಅಂತಾನೂ ಹಾಗೇ ಹೇಳಿಬಿಡು. ಹನ್ನೆರಡು ಜನದ ಪ್ರೀತಿ ತಡ್ಕೊಳ್ಳೋಕಾಗ್ದೇನಾ?"

ಪುಟ್ಟಿಯ ಮುಖ ಕೆಂಪಗಾಯ್ತು. "ಅಪ್ಪಾ, ನೋಡಿ ಇವರನ್ನ!"

"ಹೊಟ್ಟೆಕಿಚ್ಚಮ್ಮ," ಅಂದ್ರು ಅಜ್ಜ. "ಅಣ್ಣ, ನಿನ್ನ ಹೆಂಡ್ತಿಗೆ ಬುದ್ಧಿ ಹೇಳು" ಅಂದ್ಲು ಪುಟ್ಟಿ. "ಹೂಂ," ಅಂದ ಅಣ್ಣ, ಮೇಜಿನ ಮೇಲೆ ಬಿದ್ದಿದ್ದ ಬ್ರೆಡ್ಡಿನ ಪುಡೀನ ಬೆರಳಲ್ಲಿ ಒತ್ತಿ ಒತ್ತಿ ತಿಂತಾ.

ಅರ್ಧ ಗಂಟೆಗೆ ವಾಸನೆ ಬಂತು. ಅಬ್ಬಬ್ಬಾ, ಎಂಥ ವಾಸನೆ! ಹಿಟ್ಟಿನ ಪಟ್ಟಿಯ ಬಿರುಕಲ್ಲಿ ನುಸುಳಿ, ಅಂಗಳ ದಾಟಿ ಬಂತು. ಬೆಣ್ಣೆ, ಕಿತ್ತಳೆ, ಒಡೆದ ದ್ರಾಕ್ಷಿ. ಬೀದಿ ನಾಯಿಗಳೆಲ್ಲ ಹಿತ್ತಲ ಗೇಟಿನ ಹತ್ತಿರ ಸಭೆ ಸೇರಿದ್ವು. ಅಜ್ಜ ಮೂಗು ಅರಳಿಸಿ, "ನೋಡಿದ್ಯಾ? ಎಣಿಕೆ!" ಅಂದ್ರು.

ಬ್ರೆಡ್ಡಕ್ಕನಿಗೆ ಗೊತ್ತಿತ್ತು, ಇದೇ ಹದ. ಈಗ ಎದ್ದು ಹೋಗಿ ಹಿಟ್ಟು ಕೆರೆದು ಬಾಗಿಲು ತೆಗೆದು ತಟ್ಟೆ ಒಲೆ ಬಾಯಿಗೆಳೆದು ಇಟ್ರೆ ಸಾಕು, ಕೋಳಿ ಬದುಕುತ್ತೆ. ಅಂದ್ರೆ ಸತ್ತ ಕೋಳಿ ಎಷ್ಟು ಬದುಕಬಹುದೋ ಅಷ್ಟು. ಎದ್ದು ಹೋದ್ರೆ ಆಮೇಲೆ? ರಾಜರ ಊಟ ಮೇಜಿಗೆ ಬರುತ್ತೆ. ಪುಟ್ಟಿಯ ಕೈಗುಣ, ಅಜ್ಜನ ಎಣಿಕೆ. ಬೀಗದಕೈ ಆ ಬಣ್ಣದ ಉಗುರಿನ ಕೈಗೆ. ನನ್ನ ಪಾಲಿಗೆ? "ಇವಳು ಇಲ್ಲೂ ಅಡ್ಡ ಬಂದ್ಲು" ಅನ್ನೋ ಬೈಗುಳ.

ಕೂತ್ಕೊಂಡ್ಲು. ಕುರ್ಚಿಗೆ ಮೊಳೆ ಹೊಡೆದ ಹಾಗೆ ಕೂತ್ಕೊಂಡ್ಲು.

ಮುಕ್ಕಾಲು ಗಂಟೆಗೆ ವಾಸನೆ ಸ್ವಲ್ಪ ತಿರುಗಿತು. ಜೇನು ಕಂದು ಬಣ್ಣಕ್ಕೆ ಬರ್ತಿದೆ, ಅಂದ್ಕೊಂಡ್ಲು. ಅಲ್ಲಿಂದ ಸ್ವಲ್ಪ ಹೊತ್ತಿಗೆ ದ್ರಾಕ್ಷಿಯ ರಸ ತಟ್ಟೆಗೆ ಅಂಟಿ ಕರಕಲಾಗೋ ಸಣ್ಣ ಕಹಿ. ಅದು ಇನ್ನೂ ಬೇರೆ ಯಾರ ಮೂಗಿಗೂ ಸಿಕ್ಕಿರಲಿಲ್ಲ. ಪುಟ್ಟಿ ಅಂಗಡಿಗೆ ಗಾಜಿನ ಕಪಾಟು ಹಾಕಿಸ್ತಿದ್ಲು ಮಾತಲ್ಲಿ. ಬ್ರೆಡ್ಡಕ್ಕ ನೀರು ಕುಡಿದ್ಲು. ಇನ್ನೊಂದು ಲೋಟ ಕುಡಿದ್ಲು. ತಾನು ತೊಳೆದ ಕೋಳಿ, ತಾನು ಪುಕ್ಕ ಕಿತ್ತ ಕೋಳಿ. ಒಂದು ಸಾಮಾನು ಕೆಡ್ತಿದೆ ಅಂತ ಗೊತ್ತಿದ್ದೂ ಕೂತಿರೋದು ಅವಳ ಜಾಯಮಾನದಲ್ಲೇ ಇರಲಿಲ್ಲ. ಕಲಿ ಅಂದ್ರಲ್ಲ, ಕಲೀತಾ ಇದ್ಲು.

ಒಂದು ಗಂಟೆ ಹತ್ತು ನಿಮಿಷಕ್ಕೆ ಪುಟ್ಟಿ ಮಾತು ನಿಲ್ಲಿಸಿದ್ಲು. ಮೂಗು ಎತ್ತಿದ್ಲು. "ಅಪ್ಪಾ... ಏನೋ ಸೀದ ಹಾಗೆ..."

"ಹಣ್ಣಿನ ವಾಸನೆ ಅದು."

"ಇಲ್ಲಪ್ಪಾ!"

ಅವಳು ಎದ್ದು ಓಡಿದ ರಭಸಕ್ಕೆ ಕುರ್ಚಿ ಬಿತ್ತು. ಹಿಟ್ಟು ಕೆರೆದು ಬಾಗಿಲು ಎಳೆದಾಗ ಒಲೆಯಿಂದ ಬಂದ ಹೊಗೆಗೆ ಗೋಡೆ ಮೇಲಿನ ಹಲ್ಲಿ ಕೆಮ್ಮಿತು. ಹಲಗೇಲಿ ಎಳೆದ ತಟ್ಟೇಲಿ ಕೋಳಿ ಇತ್ತು ಅಂತ ನಂಬಿದ್ರೆ ಕೋಳಿ. ಕರ್ರಗೆ, ಸುಕ್ಕಾಗಿ, ಕಾಲೆರಡೂ ಮೇಲಕ್ಕೆತ್ತಿ "ನನ್ನನ್ನ ಬಿಟ್ಬಿಡ್ರಪ್ಪಾ" ಅಂತ ಕೈ ಮುಗಿದ ಹಾಗೆ. ಸುತ್ತ ದ್ರಾಕ್ಷಿಗಳು ಆಡಿನ ಹಿಕ್ಕೆ ಆಗಿದ್ವು. ಕಿತ್ತಳೆ ಯಾವುದು, ಅಂಜೂರ ಯಾವುದು ಅಂತ ಬೆಳೆದೋನಿಗೂ ಹೇಳೋಕಾಗ್ತಿರಲಿಲ್ಲ.

ಪುಟ್ಟಿ ನಿಧಾನವಾಗಿ ಅತ್ತಿಗೆ ಕಡೆ ತಿರುಗಿದ್ಲು.

"ನೀವು ಬೆಂಕಿ ಹಾಕಿದೀರಿ."

"ಎಲ್ಲಿ ಹಾಕ್ಲಿ? ನಿಮ್ಮ ಜೊತೆಗೇ ಕೂತಿದ್ನಲ್ಲ."

"ಅಪ್ಪ ಎಣಿಸಿದ್ಮೇಲೆ, ನಾನು ತಟ್ಟೆ ಎತ್ಕೊಳ್ಳೋವಾಗ ಕೆಂಡ ಎಸೆದಿರ್ತೀರಿ. ನನ್ನ ಕೈಗೆ ಒಲೆ ಬರುತ್ತೆ ಅಂತ ಹೊಟ್ಟೆ ಉರಿ. ನನ್ನ ಅಡುಗೆ ಹಾಳು ಮಾಡೋಕೆ ಕಾಯ್ತಾ ಇದ್ರಿ!"

ಅಜ್ಜ ಸೊಸೆ ಕಡೆ ಬೆರಳು ತೋರಿಸಿದ್ರು. "ಐವತ್ತು ವರ್ಷ. ಐವತ್ತು ವರ್ಷದಲ್ಲಿ ನನ್ನ ಎಣಿಕೆ ತಪ್ಪಿಲ್ಲ. ಇಪ್ಪತ್ತೈದರ ಒಲೇಲಿ ಕೋಳಿ ಹೀಗಾಗಲ್ಲ. ಏನು ಮಾಡ್ದೆ ಹೇಳು. ಮನೆಯ ಊಟಕ್ಕೆ ಮಣ್ಣು ಹಾಕಿದೋಳು ನನ್ನ ಒಲೆ ಮುಂದೆ ಇನ್ನು ನಿಲ್ಲೋ ಹಾಗಿಲ್ಲ. ಪುಟ್ಟಿ, ಹಿಡಿ ಬೀಗದಕೈ." ಅವರು ಸೊಂಟಕ್ಕೆ ಕೈ ಹಾಕಿದ್ರು.

ಬ್ರೆಡ್ಡಕ್ಕನ ಮೂರು ವರ್ಷ ಅಲ್ಲಿಗೆ ಮುಗೀತು.

"ಒಲೇಲಿ ಕೆಂಡ ಇದೆಯಾ ಬಗ್ಗಿ ನೋಡಿ," ಅಂದ್ಲು. "ಬೂದಿ ಇದೆಯಾ ನೋಡಿ. ನಾನು ಬೆಳಿಗ್ಗೆ ಗುಡಿಸಿದ ಹಾಗೇ ಇದೆ. ಈಗ ಪುಟ್ಟಿ, ನೀನು ಕೈ ಇಡು."

"ನಾನ್ಯಾಕೆ ಇಡ್ಲಿ?"

"ಒಲೆ ಬೇಕು ಅಂದ್ಯಲ್ಲ. ಕೈ ಇಡ್ದೇನೇ ಒಲೆ ಆಳ್ತೀಯಾ? ಇಡು. ಬಣ್ಣ ಹೋದ್ರೆ ನಾನೇ ಹಚ್ತೀನಿ."

ಪುಟ್ಟಿ ರೋಷಕ್ಕೆ ಬಿದ್ದು ಕೈ ಇಟ್ಲು. "ಒಂದು, ಎರಡು, ಮೂರು, ನಾಲ್ಕು, ಅಯ್ಯೋ!" ಅಂತ ಎಳ್ಕೊಂಡು ಬೆರಳು ಬಾಯಲ್ಲಿ ಇಟ್ಕೊಂಡ್ಲು.

"ಮಾವ, ಈಗ ನೀವು."

ಅಜ್ಜ ಸೊಸೆಯನ್ನ ದುರುಗುಟ್ಟಿ ನೋಡಿದ್ರು. ಕೈ ಇಟ್ಟರು. ಜೋರಾಗಿ, ಅವಳಿಗೆ ಹೊಡೀತಿದ್ದ ಹಾಗೆ ಎಣಿಸಿದ್ರು. ಐದು. ಹತ್ತು. ಹದಿನೈದು. ಪುಟ್ಟಿ ಬಾಯಿಂದ ಬೆರಳು ತೆಗೆದ್ಲು. ಇಪ್ಪತ್ತು. ಅಪ್ಪನ ಮುಂಗೈ ಮೇಲೆ ಅಲ್ಲೊಂದು ಇಲ್ಲೊಂದು ಉಳಿದಿದ್ದ ಬಿಳಿ ಕೂದಲು ಸುರುಟಿಕೊಳ್ಳೋದು ಅವಳಿಗೆ ಕಾಣಿಸ್ತು. "ಅಪ್ಪಾ, ಸಾಕು," ಅಂದ್ಲು. ಅಜ್ಜ ನಿಲ್ಲಿಸಲಿಲ್ಲ. "ಅಪ್ಪಾ, ಕೈ ತೆಗೀರಿ, ಸುಡ್ತಿದೆ!" ಅಂತ ಅವಳೇ ತೋಳು ಹಿಡಿದು ಎಳೆದ್ಲು.

ಅಜ್ಜ ತಮ್ಮ ಅಂಗೈ ನೋಡ್ಕೊಂಡ್ರು. ಕೆಂಪಗಾಗಿತ್ತು. ಅದು ಬೇರೆ ಯಾರದ್ದೋ ಕೈ, ದಾರೀಲಿ ಬಿದ್ದಿತ್ತು ಅನ್ನೋ ಹಾಗೆ ತಿರುಗಿಸಿ ತಿರುಗಿಸಿ ನೋಡಿದ್ರು.

"ಎಷ್ಟು ದಿನದಿಂದ?"

"ಮೂರು ವರ್ಷ," ಅಂದ್ಲು ಬ್ರೆಡ್ಡಕ್ಕ.

"ಹಾಗಾದ್ರೆ ನೀನು ತಡ ಮಾಡ್ತಿದ್ದಿದ್ದು..."

"ಒಲೆ ಆರ್ಲಿ ಅಂತ. ಆಮೇಲೆ ನಾನು ಎಣಿಸ್ತಿದ್ದೆ."

ಸೊಸೆ ಕಾಪಾಡಿದ್ಲು, ಮಾವ ಕಣ್ಣೀರು ಹಾಕಿದ್ರು ಅಂತ ನೀವು ಕಾಯ್ತಾ ಇದ್ರೆ, ಆ ಮಾವ ಬೇರೆ ಊರಿನೋರು. ಈ ಮಾವ ಕೂಗಾಡಿದ್ರು. "ಮೂರು ವರ್ಷ ನನ್ನನ್ನ ಕೋತಿ ಮಾಡಿ ಕುಣಿಸ್ದೆ! ನಾನು ಎಣಿಸ್ತಿದ್ದೆ, ನೀನು ಹಿಂದೆ ನಿಂತು ನಗ್ತಿದ್ದೆ!"

"ನಗೋಕೆ ಎಲ್ಲಿ ಬಿಟ್ರಿ? ಬೈಸ್ಕೊಳ್ತಾ ಇದ್ದೆ."

"ಇವತ್ತು ಕೋಳಿ ಸುಡುತ್ತೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ನೋಡಿ, ಒಪ್ಕೊಂಡ್ರು!" ಅಂದ್ಲು ಪುಟ್ಟಿ. "ಬಾಯಿ ಬಿಟ್ಟು ಒಂದು ಮಾತು ಹೇಳಿದ್ರೆ ಏನು ಗಂಟು ಹೋಗ್ತಿತ್ತು ನಿಮ್ಮದು?"

"ಬಾಯಿ ಬಿಟ್ಟೆ. ಸುಮ್ನಿರು ಅಂದ್ರು. ಸುಮ್ನಿದ್ದೆ. ಸೀದ ವಾಸನೆ ನಿನಗಿಂತ ಕಾಲು ಗಂಟೆ ಮುಂಚೆ ನನಗೆ ಬಂತು. ಆಗಲೂ ಸುಮ್ನಿದ್ದೆ. ಬೇಕು ಅಂತಾನೇ ಸುಮ್ನಿದ್ದೆ. ಇನ್ನೇನು ಕೇಳ್ಬೇಕು, ಕೇಳು."

ಆವಾಗ ಬಾಗಿಲ ಹತ್ತಿರ ನಿಂತಿದ್ದ ಹೂಂ ಅಣ್ಣ ಕೆಮ್ಮಿದ. ಎಲ್ಲರೂ ತಿರುಗಿದ್ರು.

"ಅಪ್ಪಾ," ಅಂದ. "ಅವಳು ಹೇಳ್ತಿರೋದು ನಿಜ. ನನಗೂ ಗೊತ್ತಿತ್ತು."

ಹದಿನೆಂಟು ವರ್ಷದಲ್ಲಿ ಅಷ್ಟುದ್ದದ ಮಾತು ಅವನ ಬಾಯಿಂದ ಬಂದಿದ್ದು ಅದೇ ಮೊದಲು. ಗಂಡ ತನ್ನ ಪರ ಸಾಕ್ಷಿ ಹೇಳಿದ ಅಂತ ಹೆಂಡತಿ ಹಿಗ್ಗಬೇಕಿತ್ತು. ಬ್ರೆಡ್ಡಕ್ಕ ಅವನ ಕಡೆ ತಿರುಗಿದ ರೀತಿ ನೋಡಿ ಪುಟ್ಟಿ ಎರಡು ಹೆಜ್ಜೆ ಹಿಂದೆ ಸರಿದ್ಲು.

"ನಿಮಗೆ ಗೊತ್ತಿತ್ತಾ? ಯಾವಾಗಿಂದ?"

"ಮೊದಲಿಂದ. ಸೈಕಲ್ಲಿಗೆ ಬ್ರೆಡ್ ತುಂಬೋಕೆ ಬರ್ತಿದ್ನಲ್ಲ. ನೀನು ಕೈ ಇಡೋದು ನೋಡಿದೀನಿ."

"ಮೂರು ವರ್ಷ ನಾನು ಆಮೆ ಅಂತ ಬೈಸ್ಕೊಳ್ತಿದ್ದಾಗ?"

"ಹೂಂ."

"ಹೋದ ವಾರ ಬೀಗದಕೈ ಇವಳಿಗೆ ಅಂದಾಗ?"

ಅವನು ಹೂಂ ಅನ್ನೋಕೂ ಹೆದರಿ ನೆಲ ನೋಡಿದ.

ಅವಳು ಅಳ್ಲಿಲ್ಲ, ಕಿರುಚಲಿಲ್ಲ. ಬಟ್ಟೆ ಹಿಡಿದು ತಟ್ಟೆ ಎತ್ಕೊಂಡ್ಲು. ನೇರ ಊಟದ ಮೇಜಿಗೆ ಹೋಗಿ ಆ ಕರೀ ಕೋಳೀನ ನಡುವೆ ಇಟ್ಲು. "ಬನ್ನಿ, ಊಟ ಮಾಡೋಣ. ರಜೆ ದಿನ ಅಲ್ವಾ?"

ಬಂದ್ರು. ಯಾಕೆ ಬಂದ್ರು ಅಂದ್ರೆ, ಮೊದಲು ಎದ್ದು ಹೋದೋರು ಸೋತ ಹಾಗೆ ಅಂತ ನಾಲ್ಕೂ ಜನಕ್ಕೆ ಅನ್ನಿಸಿತ್ತು. ಚಾಕು ಹಾಕಿದ್ರೆ ಚರ್ಮ ಹೆಂಚಿನ ಹಾಗೆ ಕಟಕಟ ಅಂತು. ಒಳಗೆ, ಎದೆಯ ಮೂಳೆ ಹತ್ತಿರ, ಒಂದು ಬೆರಳಷ್ಟು ಮಾಂಸ ಬೆಳ್ಳಗಿತ್ತು. ಅದನ್ನ ಬ್ರೆಡ್ಡಕ್ಕ ತನ್ನ ತಟ್ಟೆಗೇ ಹಾಕ್ಕೊಂಡ್ಲು. ಯಾರಿಗೂ ಬೇಕಾ ಅಂತ ಕೇಳಲಿಲ್ಲ. ಉಳಿದ ಮೂರು ತಟ್ಟೆಗೆ ಇದ್ದಿಲು ಹಂಚಿದ್ಲು. ಪುಟ್ಟಿ ಬ್ರೆಡ್ ಹರ್ಕೊಂಡು ತಿಂದ್ಲು. ಅದೂ ಹಿಂದಿನ ದಿನ ಅತ್ತಿಗೆ ಬೇಯಿಸಿದ ಬ್ರೆಡ್ಡೇ, ಬೇರೆ ಗತಿ ಇರಲಿಲ್ಲ. ಅಜ್ಜ ಮಾತ್ರ ಹಠಕ್ಕೆ ಬಿದ್ದು ಕರೀ ತೊಡೆ ಎತ್ಕೊಂಡು ಅಗಿದ್ರು. ಹಲ್ಲಿಲ್ಲದ ಕಡೆಯಿಂದ ಹಲ್ಲಿದ್ದ ಕಡೆಗೆ, ಅಲ್ಲಿಂದ ಮತ್ತೆ ಇಲ್ಲಿಗೆ. ಒಂದು ತುತ್ತಿಗೆ ಒಂದು ಋತು ಹಿಡೀತು.

"ಉಪ್ಪು ಕಮ್ಮಿ," ಅಂದ್ರು.

"ಅದು ಪುಟ್ಟಿ ಹಾಕಿದ್ದು," ಅಂದ್ಲು ಸೊಸೆ.

"ಒಲೆಗೆ ಮೀಟರ್ ಹಾಕ್ಸಿ ಅಪ್ಪಾ," ಅಂದ್ಲು ಪುಟ್ಟಿ ತಟ್ಟೆ ನೋಡ್ತಾ. "ಮೀಟರ್ ಹಾಕ್ಸಿದ್ರೆ ನಾನೂ ನಡೆಸ್ತೀನಿ. ಕೈ ಇಡೋದು ಗಿಡೋದು ಯಾವ ಕಾಲದ್ದು?"

ಅಜ್ಜ ಅಗಿಯೋದು ನಿಲ್ಲಿಸಿದ್ರು. ಸೊಸೆ ಮೇಲೆ ಬೆಟ್ಟದಷ್ಟು ಸಿಟ್ಟಿತ್ತು ಅವರಿಗೆ, ಅವಳ ಮುಖ ನೋಡೋಕೂ ಇಷ್ಟ ಇರಲಿಲ್ಲ. ಆದ್ರೆ ಮೀಟರ್ ಅನ್ನೋ ಮಾತು ಆ ಸತ್ತ ಕೈಗೂ ತಾಗಿತು. ಸೊಂಟದಿಂದ ಬೀಗದಕೈ ತೆಗೆದ್ರು. ಕೊಡಲಿಲ್ಲ. ಮೇಜಿನ ಮೇಲೆ ಇಟ್ಟು, ಕೋಳಿಯ ಮೂಳೇಲಿ ತಳ್ಳಿದ್ರು. ಅದು ಉಪ್ಪಿನ ಡಬ್ಬಿ ದಾಟಿ ಬ್ರೆಡ್ಡಕ್ಕನ ತಟ್ಟೆಗೆ ಬಡಿದು ನಿಂತಿತು.

"ಕೈಯಲ್ಲಿ ಕೊಡಲ್ಲ," ಅಂದ್ರು ಗೋಡೆ ಕಡೆ ತಿರುಗಿ. "ಇನ್ನು ನಿನ್ನ ಹತ್ರ ಮಾತೂ ಆಡಲ್ಲ."

"ಬೈಯೋದೂ ಇಲ್ಲ ತಾನೇ?"

ಅಜ್ಜ ಗೋಡೆ ಕಡೆಗೇ ಮುಖ ಮಾಡಿ ಮತ್ತೆ ಅಗಿಯೋಕೆ ಶುರು ಮಾಡಿದ್ರು. ಮಾತಾಡಲ್ಲ ಅಂದಿದ್ರಲ್ಲ.

ಬ್ರೆಡ್ಡಕ್ಕ ಬೀಗದಕೈ ಎತ್ಕೊಂಡು ಮಸಿ ಒರೆಸಿ ಸೊಂಟಕ್ಕೆ ಸಿಕ್ಕಿಸ್ಕೊಂಡ್ಲು. ಪುಟ್ಟಿ ಬ್ರೆಡ್ಡಿನ ತುಂಡು ಬಿಸಾಕಿ ಎದ್ಲು, ಚಪ್ಪಲಿ ಮೆಟ್ಕೊಂಡ್ಲು, ಕಾರಿನ ಬಾಗಿಲು ಬೀದಿಗೆಲ್ಲ ಕೇಳೋ ಹಾಗೆ ಹಾಕ್ಕೊಂಡ್ಲು. ಮುಂದಿನ ರಜೆಗೆ ಬರ್ತೀನಿ ಅಂತಲೂ ಹೇಳಲಿಲ್ಲ, ಬನ್ನಿ ಅಂತಲೂ ಕರೀಲಿಲ್ಲ.

ಹೂಂ ಅಣ್ಣ ಮೆಲ್ಲಗೆ ಎದ್ದು ಸೈಕಲ್ ಕಡೆ ನಡೆದ.

"ಎಲ್ಲಿಗೆ?" ಅಂದ್ಲು ಹೆಂಡತಿ.

ಅವನು ನಿಂತ.

"ನಾಳೆಯಿಂದ ಹಿಟ್ಟು ನಾದೋದು ನೀವು. ಮೂರು ಮೂಟೆ. ನಾಲ್ಕು ಗಂಟೆಗೆ ಏಳ್ಬೇಕು. ಹಲಗೆ ಒರೆಸೋದೂ ನೀವೇ. ತಡ ಮಾಡಿದ್ರೆ ಏನಂತ ಬೈಯ್ಬೇಕು ಅಂತ ನನಗೆ ಚೆನ್ನಾಗಿ ಗೊತ್ತು, ಮೂರು ವರ್ಷ ಕೇಳಿ ಬಾಯಿಪಾಠ ಆಗಿದೆ. ಕೇಳಿಸ್ತಾ?"

ಗಂಡ ಬಾಯಿ ತೆರೆದ.

"ಹೂಂ ಅಂದ್ರೆ ನೋಡಿ ಮತ್ತೆ," ಅಂದ್ಲು ಅವಳು.